ಯಂತ್ರಕ್ಕೆ ತೋರಿಸದ ಆರನೆಯ ಹಾಳೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಬೇಸಿಗೆಯ ಸಂಜೆ ಹೆಂಗಸರು ಕಟ್ಟೆಯ ಮೇಲೆ ಕೂತು, ಯಾರ ಮೈಮೇಲೋ ಏನೋ ಬಂದದ್ದು, ಹಾಳು ಬಾವಿಯ ಹತ್ತಿರ ಯಾರೋ ಹೆಸರು ಹಿಡಿದು ಕರೆದದ್ದು ಹೇಳತೊಡಗಿದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ಅಪ್ಪ ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರರು. ಉತ್ತರ ಪತ್ರಿಕೆಯಲ್ಲಿ 'ಇರಬಹುದು' ಎಂದು ಬರೆದ ಹುಡುಗರಿಗೆ ಕೆಂಪು ಗೆರೆ ಎಳೆಯುತ್ತಿದ್ದರು. ಅವರ ಮಗಳು ನಾನು.

ಈಗ ಬರೆಯುತ್ತಿರುವುದು ಎಂಬತ್ತರ ದಶಕದಲ್ಲಿ, ಗದಗಿನಲ್ಲಿ, ಏಪ್ರಿಲ್ ತಿಂಗಳ ಹಾಡಹಗಲು ಮೂರು ಗಂಟೆಗೆ ನಡೆದದ್ದು. ಆಗ ನನ್ನ ಜೊತೆ ಇದ್ದವರು ನನ್ನ ಸೋದರಮಾವ ಒಬ್ಬರೇ. ಅವರು ತೀರಿಕೊಂಡಿದ್ದಾರೆ. ಹಾಗಾಗಿ ನನ್ನ ಮಾತಿಗೆ ಸಾಕ್ಷಿ ಇಲ್ಲ. ನಂಬಿ ಎಂದು ಯಾರಿಗೂ ನಾನು ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆ ದಿನಗಳಲ್ಲಿ ನಾನು ಉತ್ತರದ ಕಡೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರು ಬೇಡ. ತಗಡಿನ ಚಾವಣಿಯ ಒಂದು ದೊಡ್ಡ ಹಾಲು, ಅದರ ನಡುವೆ ನಮ್ಮ ಯಂತ್ರ. ದಪ್ಪ ಉಕ್ಕಿನ ಕೊಳವೆಯನ್ನು ಬಳೆಯ ಹಾಗೆ ಬಾಗಿಸಿ ತುದಿ ಕೂಡಿಸಿದ್ದರು. ಒಳಗಿನ ಗಾಳಿಯನ್ನೆಲ್ಲ ತೆಗೆದು, ಚೂರೇ ಚೂರು ಹೈಡ್ರೋಜನ್ ಬಿಟ್ಟು, ಸುತ್ತಲೂ ಅಯಸ್ಕಾಂತದ ಬೇಲಿ ಕಟ್ಟಿ, ಕೆಪಾಸಿಟರುಗಳಲ್ಲಿ ತುಂಬಿಟ್ಟ ವಿದ್ಯುತ್ತನ್ನು ಒಂದೇ ಏಟಿಗೆ ಬಿಡುತ್ತಿದ್ದೆವು. ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಆ ಅನಿಲ ಸೂರ್ಯನ ಒಡಲಿನಂತೆ ಕಾಯುತ್ತಿತ್ತು. ಹಾಗೆ ಕಾದದ್ದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಒಂದೊಂದು ಏಟಿಗೆ ನಾವು ಶಾಟ್ ಎನ್ನುತ್ತಿದ್ದೆವು. ಸೂರ್ಯನಲ್ಲಿ ಆಗುವ ಹಾಗೆ ಇಲ್ಲಿಯೂ ಪರಮಾಣುಗಳನ್ನು ಬೆಸೆದು ಮುಂದೊಂದು ದಿನ ಊರೂರಿಗೆ ವಿದ್ಯುತ್ ಕೊಡಬೇಕೆಂಬುದು ದೊಡ್ಡವರ ಕನಸು.

ನನ್ನ ಪಾಲಿಗೆ ಬಂದದ್ದು ಆ ಕನಸಿನೊಳಗಿನ ಒಂದು ಪೀಡೆ. ಪ್ಲಾಸ್ಮಾದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಅಕ್ಕಪಕ್ಕದ ಕಣಗಳಿಗೆ ಢಿಕ್ಕಿ ಹೊಡೆಯುತ್ತ ವೇಗ ಕಳೆದುಕೊಂಡು ಹತೋಟಿಯಲ್ಲಿ ಇರುತ್ತವೆ. ಕೆಲವು ಮಾತ್ರ ಹಾಗಲ್ಲ. ಅವುಗಳ ವೇಗ ಒಂದು ಮಿತಿ ದಾಟಿದರೆ ಢಿಕ್ಕಿಗಳು ಕಡಿಮೆಯಾಗುತ್ತವೆ, ಢಿಕ್ಕಿ ಕಡಿಮೆಯಾದಷ್ಟೂ ವೇಗ ಏರುತ್ತದೆ, ಕೊನೆಗೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿ ಕೊಳವೆಯ ಗೋಡೆಗೆ ಬಡಿಯುತ್ತವೆ. ಬಡಿದ ಕಡೆ ಲೋಹ ಕರಗುತ್ತದೆ, ಅಲ್ಲಿಂದ ತೀಕ್ಷ್ಣವಾದ ಎಕ್ಸ್‌ರೇ ಹೊರಡುತ್ತದೆ. ಗದಗಿನ ಮಾಮಾನಿಗೆ ಇದನ್ನು ವಿವರಿಸಿದಾಗ ಅವರು, "ಅಂದ್ರ ಹಗ್ಗಾ ಹರಕೊಂಡ ಹೋರಿ ಇದ್ದಂಗ ಅನ್ನು," ಎಂದಿದ್ದರು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಹೇಳಲಾರೆ. ಈ ಹೋರಿಗಳು ಎಲ್ಲಿ ಗುದ್ದುತ್ತವೆ ಎಂದು ಎಕ್ಸ್‌ರೇ ಫಿಲ್ಮಿನ ಮೇಲೆ ಚಿತ್ರ ಹಿಡಿಯುವುದು, ಆಮೇಲೆ ಅದೇ ಓಟವನ್ನು ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಿ ಚಿತ್ರಕ್ಕೆ ತಾಳೆ ನೋಡುವುದು, ಇಷ್ಟು ನನ್ನ ಕೆಲಸ.

ಅಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ಒಬ್ಬನೇ ಒಬ್ಬ ಮನುಷ್ಯನಿದ್ದ, ಶಿವಪುತ್ರ. ಮುಂಡರಗಿ ತಾಲೂಕಿನ ಡೋಣಿಯವನು. ಅಪ್ಪ ಕೆಲವು ವರ್ಷ ಡೋಣಿಯ ಶಾಲೆಯಲ್ಲಿದ್ದಾಗ ಅವರ ವಿದ್ಯಾರ್ಥಿ. ಮುಂದೆ ಫಿಟ್ಟರ್ ಕೆಲಸ ಕಲಿತು ಗದಗಿನ ಒಂದು ಅರಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಮಿಲ್ಲು ನಿಂತುಹೋಗಿ ಮನೆಯಲ್ಲಿ ಕೂತಿದ್ದಾಗ ಅಪ್ಪ ನನಗೆ ಕಾಗದ ಬರೆದರು. ನಮ್ಮ ಪ್ರಯೋಗಾಲಯದಲ್ಲಿ ಒಂದು ಜಾಗ ಖಾಲಿ ಇತ್ತು, ನಾನು ಹೇಳಿ ಸೇರಿಸಿದೆ. ಮಿಲ್ಲಿನ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಉಂಗುರದ ಬೆರಳು ಮೊದಲ ಗೆಣ್ಣಿಗೇ ತುಂಡಾಗಿತ್ತು. ಆದರೂ ಅವನು ಕೂಡಿಸಿದ ಕೀಲಿನಲ್ಲಿ ಚೂರು ಗಾಳಿಯೂ ನುಸುಳುತ್ತಿರಲಿಲ್ಲ. ನನ್ನನ್ನು 'ಅಕ್ಕಾರ' ಎನ್ನುತ್ತಿದ್ದ. ಕೆಲಸಕ್ಕೆ ಕರೆದುಕೊಂಡು ಹೋಗುವ ದಿನ ಅವನ ತಾಯಿ ಗಂಗವ್ವ ಗದಗಿನ ಸ್ಟೇಷನ್ನಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ನಿಂತಿದ್ದಳು.

ಆ ವರ್ಷ ಬೇಸಿಗೆಗೆ ಮೊದಲು ನಾನು ಐದು ಚಿತ್ರ ಹಿಡಿದಿದ್ದೆ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯುತ್ತಾರಲ್ಲ, ಅದೇ ದೊಡ್ಡ ಹಾಳೆಗಳು, ಡಬ್ಬಿಗೆ ಹತ್ತು, ಒಂದೊಂದೂ ಬೆಳಕು ಹೋಗದ ಕಪ್ಪು ಕಾಗದದ ಲಕೋಟೆಯಲ್ಲಿ. ಐದನ್ನು ಯಂತ್ರದ ಮುಂದೆ ಸೀಸದ ಹಲಗೆಯ ಸಣ್ಣ ತೂತಿನ ಹಿಂದೆ ಇಟ್ಟಿದ್ದೆ. ಅದೇ ಡಬ್ಬಿಯ ಆರನೆಯ ಹಾಳೆಯನ್ನು ಯಂತ್ರದ ಹತ್ತಿರಕ್ಕೂ ಒಯ್ಯದೆ, ಬೇರೆ ಕಟ್ಟಡದಲ್ಲಿದ್ದ ನನ್ನ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟಿದ್ದೆ. ಖಾಲಿ ಹಾಳೆ ಹೇಗೆ ಕಾಣುತ್ತದೆ ಎಂದು ಹೋಲಿಸಿ ನೋಡಲು ಅಂಥದೊಂದು ಬೇಕೇ ಬೇಕು.

ಚಿತ್ರ ತೊಳೆಯಬೇಕೆನ್ನುವಷ್ಟರಲ್ಲಿ ನಮ್ಮ ನಳದಲ್ಲಿ ನೀರು ನಿಂತಿತು. ಎರಡು ವಾರ ಕಾದರೂ ಬರಲಿಲ್ಲ. ಆ ಹೊತ್ತಿಗೆ ನಾನು ಹತ್ತು ದಿನ ರಜೆ ಹಾಕಿ ಊರಿಗೆ ಹೊರಡುವವಳಿದ್ದೆ. ಹೇಗೂ ಮಾಮಾನ ಫೋಟೋ ಸ್ಟುಡಿಯೋ ಇದೆಯಲ್ಲ ಎಂದು ಆರೂ ಲಕೋಟೆಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ತಂದೆ. ಹೊರಡುವ ಮುನ್ನ ಶಿವಪುತ್ರ ಮನೆಗೆಂದು ಒಂದು ಬಟ್ಟೆಯ ಗಂಟು ಕೊಟ್ಟ. ತಾಯಿಗೊಂದು, ಹೆಂಡತಿಗೊಂದು ಸೀರೆ. "ಅವ್ವಗ ಅರಾಮ ಅದಾನ ಅಂತ ಹೇಳ್ರಿ ಅಕ್ಕಾರ," ಎಂದ.

ಈರಣ್ಣ ಮಾಮಾನ ಸ್ಟುಡಿಯೋ ಗದಗಿನ ಟಾಂಗಾಕೂಟದ ಹತ್ತಿರ ಒಂದು ಸಂದಿಯಲ್ಲಿತ್ತು. ಮುಂದೆ ಪರದೆ, ದೀಪ, ಕುರ್ಚಿ. ಹಿಂದೆ ಕಿಟಕಿಯೇ ಇಲ್ಲದ ಕಲ್ಲಿನ ಕೋಣೆ, ಅದೇ ಡಾರ್ಕ್ ರೂಮು. ಶುಕ್ರವಾರ ಮಧ್ಯಾಹ್ನ ನಾನು ರೈಲಿಳಿದು ನೇರ ಅಲ್ಲಿಗೇ ಹೋದೆ. ಊಟ ಮಾಡಿಸಿ, ಮದುವೆಯ ದೊಡ್ಡ ಫೋಟೋ ತೊಳೆಯುವ ಮೂರು ತಟ್ಟೆಗಳನ್ನು ಮಾಮಾ ತಾವೇ ಸಜ್ಜು ಮಾಡಿದರು. ಮೊದಲನೆಯದರಲ್ಲಿ ಚಿತ್ರ ಏಳಿಸುವ ಡೆವಲಪರ್, ನಡುವೆ ನೀರು, ಕೊನೆಯದರಲ್ಲಿ ಚಿತ್ರವನ್ನು ನಿಲ್ಲಿಸುವ ಹೈಪೋ. ಬಾಗಿಲು ಹಾಕಿ, ಸಂದಿಗೆ ಕಂಬಳಿ ತುರುಕಿ, ಕೆಂಪು ಬಲ್ಬು ಹಚ್ಚಿದರು. ಹೊರಗಿನ ಬಿಸಿಲಿನಿಂದ ಬಂದವಳಿಗೆ ಆ ಕೋಣೆಯ ತಂಪು ಹಿತವಾಗಿತ್ತು.

ಐದು ಚಿತ್ರಗಳು ಒಂದಾದ ಮೇಲೊಂದು ಎದ್ದವು. ಎಕ್ಸ್‌ರೇ ಬಿದ್ದ ಕಡೆ ಕಪ್ಪು, ಬೀಳದ ಕಡೆ ತಿಳಿ. ಒಂದೊಂದರಲ್ಲೂ ಎಲೆಕ್ಟ್ರಾನು ಬಡಿದ ಜಾಗದಲ್ಲಿ ಕಾಡಿಗೆಯ ಬೊಟ್ಟಿನಂಥ ಕಲೆ. ಎರಡು ವರ್ಷದ ದುಡಿತ ಕಣ್ಣಿಗೆ ಕಂಡು ನನಗೆ ಕುಣಿಯುವಂತಾಯಿತು. ಆರನೆಯದನ್ನು ಬಿಚ್ಚುವಾಗ ಮಾಮಾ ಕೇಳಿದರು.

"ಇದ್ರಾಗ ಏನೈತಿ?"

"ಏನೂ ಇಲ್ಲ ಮಾಮಾ. ಖಾಲಿ ಹಾಳಿ."

"ಖಾಲಿ ಹಾಳಿ ಯಾಕ ತೊಳೀತಿ?"

"ಖಾಲಿ ಐತಿ ಅಂತ ತೋರಸಾಕ."

"ಖಾಲಿ ಇದ್ದದ್ದಕ್ಕೂ ಸಾಕ್ಷಿ ಬೇಕೇನು ನಿಮ್ಮ ಮಂದಿಗೆ?" ಎಂದು ನಕ್ಕು ಅವರೇ ಹಾಳೆಯನ್ನು ಡೆವಲಪರಿಗೆ ಇಳಿಸಿ ತಟ್ಟೆಯನ್ನು ಮೆಲ್ಲಗೆ ಅಲುಗಿಸತೊಡಗಿದರು.

ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮೂಲೆಗಳು ಬೂದಿಯಾದವು. ಎಲ್ಲೋ ಬೆಳಕು ಸೋರಿ ಹಾಳೆ ಕೆಟ್ಟಿದೆ ಎಂದು ನಾನು ನಾಲಿಗೆ ಕಚ್ಚಿಕೊಂಡೆ. ಬೂದಿ ಕಪ್ಪಾಯಿತು, ಕಪ್ಪು ಒಳಮುಖವಾಗಿ ಹರಿಯಿತು, ಆದರೆ ನಡುವಿನ ಒಂದು ಭಾಗ ಮಾತ್ರ ಕಪ್ಪಾಗಲು ಒಪ್ಪಲಿಲ್ಲ. ಅದಕ್ಕೆ ಅಂಚು ಮೂಡಿತು. ಒಂದು ಭುಜ. ಕುತ್ತಿಗೆಯ ಬುಡ. ಪಕ್ಕೆಲುಬಿನ ಮಸುಕು ಗೆರೆಗಳು. ಎದೆಯ ಮುಂದೆ ಅಡ್ಡವಾಗಿ ಎತ್ತಿದ ಒಂದು ಕೈ, ಆ ಕೈಯಲ್ಲಿ ಅಚ್ಚ ಬಿಳಿಯಾಗಿ ಒಂದು ಸ್ಪ್ಯಾನರು.

ತಟ್ಟೆ ಅಲುಗುವುದು ನಿಂತಿತ್ತು. ನಾನು ಬೆರಳುಗಳನ್ನು ನೋಡುತ್ತಿದ್ದೆ. ನಾಲ್ಕು ಬೆರಳು ಪೂರಾ ಇದ್ದವು. ಉಂಗುರದ ಬೆರಳು ಮೊದಲ ಗೆಣ್ಣಿನಲ್ಲೇ ಮುಗಿದಿತ್ತು.

ಮಾಮಾ ಕನ್ನಡಕ ಹಣೆಗೆ ಏರಿಸಿ, ಮುಖ ತಟ್ಟೆಯ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಗ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೂ ಹಾಕಿ ಕೂಡಿಸಿ ಫೋಟೋ ತೆಗೆಸುತ್ತಿದ್ದರು. ಎಷ್ಟೋ ಜನರಿಗೆ ಬದುಕಿನಲ್ಲಿ ಅದೊಂದೇ ಫೋಟೋ. ಮುಳಗುಂದ, ಶಿರಹಟ್ಟಿ, ಎಲ್ಲಿಂದ ಕರೆ ಬಂದರೂ ಮಾಮಾ ಹೋಗುತ್ತಿದ್ದರು. ಸತ್ತ ಮೈ ಹೇಗೆ ಕೂರುತ್ತದೆ, ಹೇಗೆ ವಾಲುತ್ತದೆ ಎಂಬುದನ್ನು ಮೂವತ್ತು ವರ್ಷ ಲೆನ್ಸಿನಲ್ಲಿ ನೋಡಿದ ಕಣ್ಣು ಅವರದು.

"ತಂಗೀ," ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ. "ಇಂವಾ ನಿಂತಿಲ್ಲ."

"ಅಂದ್ರ?"

"ಕೊಳ್ಳಾಗಿನ ಕರಡಗಿ ನೋಡು."

ಆಗ ನಾನು ಅದನ್ನು ಕಂಡೆ. ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಮೊಟ್ಟೆಯಂತೆ ಬಿಳಿಯಾಗಿ. ಅದು ಎದೆಯ ಮೇಲೆ ಇರಲಿಲ್ಲ. ದಾರದ ಸಮೇತ ಮೇಲಕ್ಕೆ ಹಾರಿ ಕಿವಿಯ ಮಟ್ಟದಲ್ಲಿ ಗಾಳಿಯಲ್ಲಿ ನಿಂತಿತ್ತು.

"ನಿಂತಂವನ ಕರಡಗಿ ಎದಿ ಮ್ಯಾಲ ಇರತೈತಿ. ಇಂವಾ ಬೀಳಾಕತ್ಯಾನ," ಎಂದರು ಮಾಮಾ. "ಜೀವ ಐತೋ ಇಲ್ಲೋ, ನನಗ ಹೇಳಾಕ ಆಗೂದಿಲ್ಲ. ಆದ್ರ ಹಿಂಗ ಬೀಳಾವ್ರು ಮತ್ತ ಏಳೂದಿಲ್ಲ."

ಅವರು ಹಾಳೆಯನ್ನು ಇಕ್ಕಳದಿಂದ ಎತ್ತಿ ನೀರಿಗೆ, ನೀರಿನಿಂದ ಹೈಪೋಗೆ ಹಾಕಿದರು. ಕೆಂಪು ಬೆಳಕಿನಲ್ಲಿ ಆ ತಿಳಿಯಾದ ಮೈ ನೀರಿನೊಳಗೆ ಅಲುಗಿತು, ನಾನು ಗೋಡೆಗೆ ಆತುಕೊಂಡೆ. ಕತ್ತಲೆಗೆ ಹೆದರಿದವಳಲ್ಲ ನಾನು. ಆದರೆ ಆ ಕೋಣೆಯಲ್ಲಿ ನಾವು ಮೂವರಿದ್ದೇವೆ ಎನಿಸಿತು. ಹೈಪೋದಲ್ಲಿ ಹಾಳೆ ಇರಬೇಕಾದ ಹತ್ತು ನಿಮಿಷ ನಾವಿಬ್ಬರೂ ಬಾಗಿಲು ತೆರೆದು ಹೊರಗೆ ಹೋಗುವ ಧೈರ್ಯ ಮಾಡಲಿಲ್ಲ. ಹೊರಗೆ ಬಂದಾಗ ಪಾಸ್‌ಪೋರ್ಟ್ ಫೋಟೋಕ್ಕೆ ಒಬ್ಬರು ಕಾಯುತ್ತಿದ್ದರು. "ನಾಳಿ ಬರ್ರಿ," ಎಂದು ಮಾಮಾ ಅವರನ್ನು ಕಳಿಸಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ತಾವೇ ಕೂತುಬಿಟ್ಟರು.

ಬಿಸಿಲಿಗೆ ಬಂದ ಮೇಲೆ ನನ್ನ ಬುದ್ಧಿ ಸ್ವಲ್ಪ ಓಡಿತು. ಮನುಷ್ಯನ ನೆರಳು ಬೀಳಬೇಕಾದರೆ ಅವನು ಶಾಟ್ ಹೊಡೆಯುವಾಗ ಯಂತ್ರಕ್ಕೂ ಹಾಳೆಗೂ ನಡುವೆ ಇರಬೇಕು. ಶಾಟ್ ಹೊಡೆಯುವಾಗ ಹಾಲಿನೊಳಗೆ ಯಾರೂ ಇರುವಂತಿಲ್ಲ. ಬಾಗಿಲು ಮುಚ್ಚದಿದ್ದರೆ ವಿದ್ಯುತ್ ತುಂಬಿಕೊಳ್ಳುವುದೇ ಇಲ್ಲ. ಆ ಹಾಳೆಯಂತೂ ಯಂತ್ರವನ್ನು ನೋಡಿಯೇ ಇಲ್ಲ. ಮೂರು ದಿನದ ಹಿಂದೆ ಶಿವಪುತ್ರ ಸ್ಟೇಷನ್ನಿನಲ್ಲಿ ನಿಂತು ನನಗೆ ಕೈ ಬೀಸಿದ್ದ, ಗಟ್ಟಿಮುಟ್ಟಾಗಿ. ಇದುವರೆಗೆ ಆಗಿಲ್ಲ ಎಂದಾದರೆ... ಅಲ್ಲಿಗೆ ನನ್ನ ಯೋಚನೆ ನಿಂತುಹೋಗುತ್ತಿತ್ತು, ಮುಂದಿನ ಶಬ್ದವನ್ನು ಮನಸ್ಸಿನಲ್ಲೂ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ನೀರಿಲ್ಲದೆ ನಿಂತಿದ್ದ ಯಂತ್ರ ಮತ್ತೆ ಶುರುವಾಗುವುದು ಸೋಮವಾರ.

ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಹಚ್ಚಿದೆ. ಎರಡೂವರೆ ಗಂಟೆ ಕೂತರೂ ಲೈನು ಸಿಗಲಿಲ್ಲ. ಕೊನೆಗೆ ತಂತಿ ಕಳಿಸೋಣವೆಂದು ಫಾರಂ ತೆಗೆದುಕೊಂಡೆ. ಏನು ಬರೆಯಬೇಕು? ಆ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಹೆಣ್ಣುಮಗಳು. ನಮ್ಮ ಪ್ರೊಫೆಸರರು ಒಳ್ಳೆಯವರು, ಆದರೆ ಇಂಥದನ್ನು ಬರೆದರೆ ಮುಂದೆ ನನ್ನ ಯಾವ ಚಿತ್ರವನ್ನೂ ನಂಬುತ್ತಿರಲಿಲ್ಲ. ಒಂದು ಫಾರಮಿನಲ್ಲಿ ಶಿವಪುತ್ರನ ಹೆಸರು ಬರೆದು ಹರಿದೆ. ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ಇಷ್ಟೇ ಬರೆದೆ: ಪ್ರತಿ ಶಾಟ್‌ಗೆ ಮೊದಲು ಜನರನ್ನು ಎಣಿಸಿ. ಅವನ ಹೆಸರಿಲ್ಲ, ಕಾರಣವಿಲ್ಲ.

ಕಿಟಕಿಯ ಹಿಂದಿನ ಗುಮಾಸ್ತರು ನನ್ನ ಮುಖ ನೋಡಿ ಮರುಕದಿಂದ ಕೇಳಿದರು, "ಯಾರರ ತೀರಿಕೊಂಡಾರೇನ್ರಿ?"

"ಇನ್ನೂ ಇಲ್ರಿ," ಎಂದೆ.

ಹಾಗೆ ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಅವರು ಪೆನ್ನು ಎತ್ತಿ ನನ್ನನ್ನೇ ನೋಡಿದರು. ನಾನು ರಸೀದಿ ತೆಗೆದುಕೊಳ್ಳದೆ ಹೊರಬಿದ್ದೆ.

ಲಕ್ಷ್ಮೇಶ್ವರಕ್ಕೆ ಹೋಗಿ ಅಪ್ಪ ಅವ್ವನಿಗೆ ಏನೂ ಹೇಳಲಿಲ್ಲ. ದಣಿವಾಗಿದೆ ಎಂದು ಮಲಗಿದೆ. ಕಣ್ಣು ಮುಚ್ಚಿದರೆ ಆ ಮೊಟಕು ಬೆರಳು. ಹೆಸರು ಬರೆಯದೆ ಇದ್ದದ್ದು ಒಳಗೆ ಕೊರೆಯುತ್ತಿತ್ತು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಒಬ್ಬನ ಜೀವ ಪಣಕ್ಕಿಟ್ಟೆನೇ? ಶನಿವಾರ ಬೆಳಿಗ್ಗೆ ಮತ್ತೊಂದು ತಂತಿ ಕಳಿಸೋಣವೆಂದು ನಮ್ಮೂರ ಅಂಚೆ ಕಚೇರಿಯವರೆಗೆ ಹೋಗಿ, ಬಾಗಿಲಲ್ಲಿ ಅಪ್ಪನ ಸ್ನೇಹಿತರೊಬ್ಬರು ಸಿಕ್ಕು ಮಾತಿಗೆ ನಿಂತದ್ದೇ ನೆಪವಾಗಿ ಹಿಂದಕ್ಕೆ ಬಂದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಇವತ್ತು ಬರೆಯುತ್ತಿದ್ದೇನೆ.

ಭಾನುವಾರ ಗಂಟು ತೆಗೆದುಕೊಂಡು ಡೋಣಿಗೆ ಹೋದೆ. ಹೋಗದೆ ಇರಬಹುದಿತ್ತು, ಗಂಟನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಆದರೆ ಮನೆಯಲ್ಲಿ ಕೂರಲು ಆಗಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕಪ್ಪತಗುಡ್ಡ ಕಾಣತೊಡಗಿದಾಗ ಇಳಿದು ಹಿಂದಕ್ಕೆ ಹೋಗಿಬಿಡೋಣ ಎನಿಸಿತು. ಗಂಗವ್ವ ನನ್ನನ್ನು ಬಾಗಿಲಲ್ಲಿ ಕಂಡವಳೇ ತುಂಬಿದ ಕೊಡ ಕೆಳಗಿಟ್ಟು ಓಡಿ ಬಂದಳು. ಸೊಸೆ ನೀಲವ್ವ ಒಳಗೆ ಒಲೆ ಹಚ್ಚಿದಳು. ಸೀರೆಗಳನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿದರು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಗಂಗವ್ವ ಎದುರಿಗೆ ಕೂತಳು.

"ಅಲ್ಲೆ ಕರಂಟಿನ ಕೆಲಸ ಐತಿ ಅಂತ ಬರದಿದ್ದ. ಅಂಜಿಕಿ ಏನಿಲ್ಲಲ್ರಿ?"

"ಇಲ್ಲವ್ವಾ," ಎಂದೆ.

"ನೀವು ಅದೀರಿ ಅಂತ ನಾ ನಿದ್ದಿ ಮಾಡ್ತೀನ್ರಿ. ಇಲ್ಲಂದ್ರ ಅಷ್ಟು ದೂರ ನಾ ಬಿಡಾಕಿ ಅಲ್ಲ," ಎಂದಳು. ಆಮೇಲೆ ಇನ್ನೊಂದು ರೊಟ್ಟಿ ಹಾಕುತ್ತ ಕೇಳಿದಳು, "ಯಾಕ್ರಿ, ನಿಮ್ಮ ಮಾರಿ ಯಾಕ ಹಿಂಗ ಬಾಡೇತಿ? ಏನರ ಖಬರ ಐತೇನು? ಇದ್ರ ಹೇಳಿಬಿಡ್ರಿ."

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಬೆನ್ನು ತಿರುಗಿಸಿಕೊಂಡೇ ಇದ್ದರೂ ನೀಲವ್ವ ನನ್ನ ಉತ್ತರಕ್ಕೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. "ಬಿಸಲಾಗ ಬಂದೀನಿ, ಅದಕ್ಕ," ಎಂದೆ. ಮತ್ತೆ ರೊಟ್ಟಿ ಬಡಿಯುವುದು ಶುರುವಾಯಿತು. ಆ ಮನೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲು ನನ್ನಿಂದ ಆಗಲಿಲ್ಲ. ಹೊರಡುವಾಗ ಗಂಗವ್ವ ಮಗನಿಗೆಂದು ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಕೊಟ್ಟಳು. ಅದನ್ನು ತಿನ್ನುವವನು ಇರುತ್ತಾನೋ ಇಲ್ಲವೋ ಎಂದು ಯೋಚಿಸುತ್ತ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂಡರಗಿಯವರೆಗೆ ಬಂದೆ.

ಸೋಮವಾರ ಇಡೀ ದಿನ ಗಡಿಯಾರದ ಮುಂದೆ ಕಳೆಯಿತು. ಮಂಗಳವಾರ ಮಧ್ಯಾಹ್ನ ಅಂಚೆಯವನು ಬಾಗಿಲಲ್ಲಿ ನಿಂತು "ತಾರು ಬಂದೈತ್ರಿ" ಎಂದ. ಆ ಕಾಲದಲ್ಲಿ ತಂತಿ ಎಂದರೆ ಸಾವಿನ ಸುದ್ದಿಯೇ. ಅವ್ವ ಗೋಡೆ ಹಿಡಿದು ಕೆಳಗೆ ಕೂತಳು. ಅಪ್ಪ ಸಹಿ ಮಾಡಿ, ಒಡೆದು, ಓದಿ, ಏನೂ ಅರ್ಥವಾಗದೆ ನನ್ನ ಕೈಗೆ ಕೊಟ್ಟರು. ಪ್ರಯೋಗಾಲಯದಿಂದ ಬಂದದ್ದು, ಅದರಲ್ಲಿದ್ದದ್ದು ಎರಡೇ ವಾಕ್ಯ. ಎಲ್ಲರೂ ಕ್ಷೇಮ. ನಿನಗೆ ಹೇಗೆ ಗೊತ್ತಾಯಿತು?

ರಜೆ ಮುಗಿಯುವ ತನಕ ಕಾಯದೆ ಹೊರಟೆ. ನಡೆದದ್ದನ್ನು ನನಗೆ ಹೇಳಿದವನು ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಬಂಗಾಳದ ಸುಬೀರ. ನನ್ನ ತಂತಿ ಶನಿವಾರ ಮುಟ್ಟಿತ್ತು. ಊರಲ್ಲಿ ನನಗೆ ಬಿಸಿಲು ತಲೆಗೇರಿದೆ ಎಂದು ನಗಾಡಿ, ಅದನ್ನು ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿದ್ದರಂತೆ. ಸೋಮವಾರ ಮೊದಲ ಶಾಟ್‌ಗೆ ವಿದ್ಯುತ್ ತುಂಬಲು ಶುರುಮಾಡುವ ಮೊದಲು ಸುಬೀರ ತಮಾಷೆಗೆ ಶಾಲೆಯ ಮಾಸ್ತರರ ಹಾಗೆ ತಲೆ ಎಣಿಸಿದ. ಏಳು ಜನ ಇರಬೇಕಿತ್ತು, ಆರೇ ಜನ ಇದ್ದರು. ಯಾರಿಲ್ಲ ಎಂದು ನೋಡಿದರೆ ಶಿವಪುತ್ರ. ಹಾಲಿನ ಹಿಂಬಾಗಿಲ ಸ್ವಿಚ್ಚು ಕೆಟ್ಟು, ಬಾಗಿಲು ತೆರೆದರೂ ಮುಚ್ಚಿದೆ ಎಂದೇ ಅದು ಹೇಳುತ್ತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನೀರಿನ ಕೊಳವೆಯೊಂದು ಜಿನುಗುತ್ತಿದೆಯೆಂದು ಅವನು ಸ್ಪ್ಯಾನರು ಹಿಡಿದು ಆ ಬಾಗಿಲಿನಿಂದ ಒಳಗೆ ಹೋಗಿದ್ದ. ಸಾವಿರಾರು ವೋಲ್ಟು ತುಂಬಿಕೊಳ್ಳುವ ತಾಮ್ರದ ಪಟ್ಟಿ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು.

ಅವನನ್ನು ಹೊರಗೆ ಕರೆತಂದು, ಬಾಗಿಲು ಭದ್ರ ಮಾಡಿ ಶಾಟ್ ಹೊಡೆದರಂತೆ. ಆ ಶಾಟ್ ಕೆಟ್ಟಿತು. ಪ್ಲಾಸ್ಮಾ ನಡುವೆಯೇ ಕುಸಿದು, ಅಂಕೆ ತಪ್ಪಿದ ಎಲೆಕ್ಟ್ರಾನುಗಳೆಲ್ಲ ಒಂದೇ ಕಡೆ ಬಡಿದವು. ಹಾಲಿನ ಗೋಡೆಯ ಮೇಲಿದ್ದ ವಿಕಿರಣದ ಮಾಪಕದ ಮುಳ್ಳು ತುದಿಗೆ ಹೋಗಿ ನಿಂತಿತು. ಅಷ್ಟು ದೊಡ್ಡ ಏಟನ್ನು ನಮ್ಮ ಯಂತ್ರ ಅದುವರೆಗೆ ಕಂಡಿರಲಿಲ್ಲ. ಆಮೇಲೆ ಕೊಳವೆ ಬಿಚ್ಚಿ ನೋಡಿದಾಗ ಒಳಗಿನ ಲೋಹದ ತಡೆಪಟ್ಟಿಯ ಕೆಳಗಿನ ಅಂಚಿನಲ್ಲಿ ಶೇಂಗಾ ಬೀಜದಷ್ಟು ಜಾಗ ಕರಗಿ ಗುಂಡಿ ಬಿದ್ದಿತ್ತು.

ನಾನು ಆರನೆಯ ಹಾಳೆಯನ್ನು ಪ್ರೊಫೆಸರರಿಗೆ ತೋರಿಸಿದೆ. ಅವರು ದೀಪದ ಹಲಗೆಯ ಮೇಲಿಟ್ಟು ಬಹಳ ಹೊತ್ತು ನೋಡಿ, ಇದು ಯಾವುದೋ ಆಸ್ಪತ್ರೆಯ ರೋಗಿಯ ಚಿತ್ರ, ತೊಳೆಯದೆ ಉಳಿದ ಹಾಳೆ ಹೇಗೋ ಹೊಸ ಡಬ್ಬಿಗೆ ಸೇರಿದೆ ಎಂದರು. ಸ್ಪ್ಯಾನರು? ಅದರ ಹಾಗೆ ಕಾಣುವ ಏನೋ ಒಂದು ಲೋಹದ ವಸ್ತು. ಬೆರಳು? ಬೆರಳು ಕಳೆದುಕೊಂಡವರು ದೇಶದಲ್ಲಿ ಒಬ್ಬನೇ ಇಲ್ಲವಲ್ಲ. ನನಗೂ ಹಾಗೇ ಇರಲಿ ಎಂದು ಆಸೆಯಿತ್ತು. ಆ ಆಸೆಯಿಂದಲೇ ಲೆಕ್ಕಕ್ಕೆ ಕೂತೆ. ಸ್ಪ್ಯಾನರಿನ ಉದ್ದ ಗೊತ್ತು, ನೆರಳಿನಲ್ಲಿ ಅದು ಎಷ್ಟು ದೊಡ್ಡದಾಗಿದೆ ಎಂದು ಅಳೆಯಬಹುದು. ಅಂಚುಗಳು ಯಾವ ಕಡೆ ವಾಲಿವೆ ಎಂಬುದರಿಂದ ಎಕ್ಸ್‌ರೇ ಎಲ್ಲಿಂದ ಹೊರಟಿತೆಂದು ಹಿಂದಕ್ಕೆ ಗೆರೆ ಎಳೆಯಬಹುದು. ಗೆರೆಗಳೆಲ್ಲ ಹೋಗಿ ಕೂಡಿದ್ದು ಆ ಶೇಂಗಾ ಬೀಜದಷ್ಟು ಗುಂಡಿಯಲ್ಲಿ. ಆ ಶಾಟ್‌ನ ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟು ಎಲೆಕ್ಟ್ರಾನುಗಳನ್ನು ಓಡಿಸಿ ನೋಡಿದೆ, ಅವೂ ಬಂದು ಬಡಿದದ್ದು ಅಲ್ಲಿಯೇ. ಹಾಳೆ ಇರಬೇಕಾದ ಜಾಗ ದಕ್ಷಿಣದ ಗೋಡೆ, ಎದೆಯ ಎತ್ತರ, ಶಿವಪುತ್ರ ನಿಂತಿದ್ದ ಕಡೆಯ ಹಿಂದೆ. ಅಲ್ಲಿ ನಾವು ಎಂದೂ ಫಿಲ್ಮು ಇಟ್ಟಿರಲಿಲ್ಲ.

ಅಂದರೆ ಆ ಚಿತ್ರ ಸೋಮವಾರದ ಶಾಟ್‌ನದು. ಅದನ್ನು ನಾನೂ ಮಾಮಾನೂ ತೊಳೆದದ್ದು ಶುಕ್ರವಾರ. ಮೇಲಾಗಿ ಸೋಮವಾರ ಅಲ್ಲಿ ಯಾರೂ ಬೀಳಲಿಲ್ಲ. ಆಗಿಯೇ ಇಲ್ಲದ ಒಂದು ಸಾವು ಆ ಹಾಳೆಯ ಮೇಲೆ ಹೇಗೆ ಬಿತ್ತು? ಆ ಲೆಕ್ಕವನ್ನು ಮೂರು ಸಲ ಮಾಡಿದೆ, ನಾಲ್ಕನೆಯ ಸಲ ಮಾಡಲು ಕೈ ಬರಲಿಲ್ಲ. ನನ್ನ ಪ್ರಬಂಧದಲ್ಲಿ ಐದು ಚಿತ್ರಗಳು ಮಾತ್ರ ಇವೆ.

ಶಿವಪುತ್ರನಿಗೆ ತೋರಿಸಬಾರದೆಂದುಕೊಂಡಿದ್ದೆ. ಸುಬೀರ ಬಾಯಿ ಬಿಟ್ಟ. ಒಂದು ಸಂಜೆ ಅವನೇ ಬಂದು, "ತೋರಸ್ರಿ ಅಕ್ಕಾರ," ಎಂದ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಂಗಿಯೊಳಗಿನಿಂದ ತನ್ನ ಕರಡಿಗೆ ತೆಗೆದು ಚಿತ್ರದ ಪಕ್ಕದಲ್ಲಿ ಹಿಡಿದ. ಅದರ ಒಂದು ಬದಿ ತಗ್ಗಾಗಿತ್ತು. ಮಿಲ್ಲಿನಲ್ಲಿ ಬೆರಳು ಹೋದ ದಿನವೇ ಆದದ್ದಂತೆ. ಚಿತ್ರದ ಬಿಳಿ ಮೊಟ್ಟೆಯಲ್ಲೂ ಅದೇ ಬದಿಗೆ ಅದೇ ತಗ್ಗು. ನಾನು ಅಷ್ಟು ಸಲ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವನು ಹಾಳೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ನಮ್ಮವ್ವಗ ತೋರಸಬ್ಯಾಡ್ರಿ," ಎಂದಷ್ಟೇ ಹೇಳಿ ಹೋದ.

ವರ್ಷ ತುಂಬುವುದರೊಳಗೆ ಅವನು ಕೆಲಸ ಬಿಟ್ಟು ಬಂದು ಮುಂಡರಗಿಯಲ್ಲಿ ನೀರಿನ ಪಂಪು ದುರಸ್ತಿ ಮಾಡುವ ಅಂಗಡಿ ಹಾಕಿದ. ಈಗ ತಲೆ ಬೆಳ್ಳಗಾಗಿದೆ, ಮೊಮ್ಮಕ್ಕಳಿದ್ದಾರೆ. ಸಿಕ್ಕಾಗ ಮಳೆ ಬೆಳೆ ಮಾತಾಡುತ್ತೇವೆ. ಆ ವಿಷಯವನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ಡಬ್ಬಿಯಲ್ಲಿ ನಾಲ್ಕು ಹಾಳೆ ಉಳಿದಿದ್ದವು. ಪ್ರಯೋಗಾಲಯ ಮುಚ್ಚಿದಾಗ ನಾನು ಅವನ್ನು ನನ್ನ ಜೊತೆ ತಂದೆ. ನಿಜವಾದ ವಿಜ್ಞಾನಿ ಮಾಡಬೇಕಾದದ್ದು ಏನೆಂದು ನನಗೆ ಗೊತ್ತು, ಅರ್ಧ ಗಂಟೆಯ ಕೆಲಸ ಅದು. ನಾಲ್ಕೂ ಖಾಲಿ ಬಂದರೆ ಪ್ರೊಫೆಸರರ ಮಾತೇ ಸರಿಯಿರಬಹುದು ಎಂದು ನೆಮ್ಮದಿಯಿಂದ ಇರಬಹುದು. ಮಾಮಾ ಬದುಕಿದ್ದಾಗ ಒಂದೆರಡು ಸಲ ಅವರ ಡಾರ್ಕ್ ರೂಮಿನ ಬಾಗಿಲವರೆಗೆ ಹೋಗಿದ್ದೆ. ಅವರು ಬಾಗಿಲಿಗೆ ಅಡ್ಡ ನಿಂತು, "ಬ್ಯಾಡ ತಂಗಿ," ಎಂದಿದ್ದರು.

ಬಿಸಿಲಿಗೆ ಬಿಚ್ಚಿಟ್ಟು ಹಾಳು ಮಾಡಿಬಿಡೋಣ ಎಂದರೆ ಅದಕ್ಕೂ ಮನಸ್ಸು ಬರುವುದಿಲ್ಲ. ಒಂದು ಸಲ ನೋಡಿದ್ದರಿಂದ ಒಬ್ಬ ಮನುಷ್ಯ ಬದುಕಿದ. ಹಾಗಾಗಿ ತೊಳೆಯಲೂ ಆಗದೆ, ಎಸೆಯಲೂ ಆಗದೆ, ಇಷ್ಟು ವರ್ಷ ಆ ನಾಲ್ಕು ಲಕೋಟೆಗಳು ನನ್ನ ಟ್ರಂಕಿನ ತಳದಲ್ಲಿವೆ. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಎಲ್ಲರೂ ಸೇರಿ ಸಾಲಾಗಿ ಊಟಕ್ಕೆ ಕೂತಾಗ, ಬಡಿಸುತ್ತ ಬಡಿಸುತ್ತ ನನ್ನ ಕಣ್ಣು ಅವರ ಕೈಗಳ ಮೇಲೆ ಹೋಗುತ್ತದೆ. ಯಾರ ಬೆರಳು ಹೇಗಿದೆ ಎಂದು ನೋಡಿಟ್ಟುಕೊಳ್ಳುತ್ತೇನೆ.